ಕೇಬಲ್ ಇಳಿಸುವ ಮುನ್ನ: ಕೊಳವೆಬಾವಿ ರೈತರಿಗೊಂದು ಬಹಿರಂಗ ಪತ್ರ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೊಳವೆಬಾವಿ ನಂಬಿ ಬೇಸಾಯ ಮಾಡುತ್ತಿರುವ ಎಲ್ಲ ರೈತ ಬಂಧುಗಳೇ,

ನಾನು ಮೋಟಾರ್ ವೈಂಡಿಂಗ್ ಕೆಲಸದವನು. ಸುಟ್ಟ ಸಬ್‌ಮರ್ಸಿಬಲ್ ಮೋಟಾರ್ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸದು ಸುತ್ತಿ ಕೊಡುವುದೇ ನನ್ನ ಜೀವನ. ಬೇಸಿಗೆ ಬಂತೆಂದರೆ ಅಂಗಡಿ ಮುಂದೆ ನಿಮ್ಮ ಟ್ರ್ಯಾಕ್ಟರ್, ಆಟೋಗಳ ಸಾಲು. "ನಾಳೆ ಸಂಜೆಗಾದರೂ ಕೊಡಪ್ಪ, ಟೊಮೆಟೊ ಕಾಯಿ ಕಚ್ಚಿದೆ, ಎರಡು ನೀರು ತಪ್ಪಿದರೆ ತೋಟ ಕೈಬಿಟ್ಟು ಹೋಗುತ್ತೆ" ಎಂದು ನೀವು ಹೇಳುವಾಗ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ರಾತ್ರಿ ಕೂತು ಸುತ್ತಿ ಕೊಡುತ್ತೇನೆ. ಆದರೆ ಮುಂದಿನ ಬೇಸಿಗೆಗೆ ಅದೇ ಮೋಟಾರ್ ಮತ್ತೆ ನನ್ನ ಬೆಂಚಿನ ಮೇಲೆ ಇರುತ್ತದೆ. ನನಗೆ ಕೂಲಿ ಸಿಗುತ್ತದೆ, ನಿಮಗೆ ಬೆಳೆ ಹೋಗುತ್ತದೆ. ಈ ಲೆಕ್ಕ ನನಗೆ ಸರಿ ಕಾಣುತ್ತಿಲ್ಲ. ಅದಕ್ಕೇ ಈ ಪತ್ರ.

ಮೋಟಾರ್ ಸುಟ್ಟಾಗ ನೀವು ಕಂಪನಿಯನ್ನು ಬೈಯುತ್ತೀರಿ. ಇಲ್ಲವೇ ಹಿಂದಿನ ಸಲ ವೈಂಡಿಂಗ್ ಮಾಡಿದವನನ್ನು. ಅದೂ ಅಲ್ಲದಿದ್ದರೆ ಲೋ ವೋಲ್ಟೇಜ್ ಕೊಟ್ಟ ಇಲಾಖೆಯನ್ನು. ಈ ಮೂವರ ತಪ್ಪೂ ಇರಬಹುದು, ಇರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಸ್ಟಾರ್ಟರ್‌ನಿಂದ ಮೋಟಾರ್‌ವರೆಗೆ ಕತ್ತಲಲ್ಲಿ ಇಳಿದುಹೋಗಿರುವ ಕೇಬಲ್ ಎಷ್ಟು ದಪ್ಪದ್ದು ಎಂದು ನಾನು ಕೇಳಿದರೆ, ಬಹಳ ಜನ ಜೊತೆಗೆ ಬಂದ ಮೆಕ್ಯಾನಿಕ್ಕಿನ ಮುಖ ನೋಡುತ್ತಾರೆ. ಅವರೂ "ಮೊದಲಿಂದ ಇದ್ದದ್ದೇ ಸಾರ್" ಎನ್ನುತ್ತಾರೆ.

ಸುಟ್ಟ ಮೋಟಾರ್ ಸುಮ್ಮನೆ ಸುಟ್ಟಿರುವುದಿಲ್ಲ, ಹೇಗೆ ಸುಟ್ಟಿತು ಎಂಬ ಗುರುತು ಉಳಿಸಿಕೊಂಡಿರುತ್ತದೆ. ನೀರಿಲ್ಲದೆ ಓಡಿದ ಮೋಟಾರ್‌ನಲ್ಲಿ ಥ್ರಸ್ಟ್ ಬೇರಿಂಗ್, ಬುಷ್ಷುಗಳು ಸವೆದಿರುತ್ತವೆ. ಒಂದು ಫೇಸು ಹೋಗಿ ಎರಡರ ಮೇಲೆ ಓಡಿದ್ದರೆ, ಸ್ಟಾರ್ ಕನೆಕ್ಷನ್ ಇರುವ ಮೋಟಾರ್‌ನಲ್ಲಿ ಎರಡು ಫೇಸಿನ ಕಾಯಿಲ್‌ಗಳು ಕಪ್ಪಾಗಿ, ಮೂರನೆಯ ಫೇಸಿನವು ಹೊಸದರಂತೆ ಬಣ್ಣ ಉಳಿಸಿಕೊಂಡಿರುತ್ತವೆ. ಇವೆರಡೂ ಅಲ್ಲದ ಮೂರನೆಯ ಬಗೆಯೊಂದಿದೆ. ಸ್ಟೇಟರ್ ಬಿಚ್ಚಿದರೆ ಮೂರೂ ಫೇಸಿನ ತಂತಿಗಳು ಸುತ್ತ ಒಂದೇ ಸಮನೆ ಬೆಂದಿರುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ, ಪಕ್ಕದ ತಂತಿಗೆ ಅಂಟಿ, ಸ್ಲಾಟಿನಿಂದ ಎಳೆದರೆ ಗಟ್ಟಿ ಕಡ್ಡಿಯ ಹಾಗೆ ಬರುತ್ತವೆ. ಇಂಥ ಮೋಟಾರ್ ಒಂದೇ ದಿನ ಕೆಟ್ಟದ್ದಲ್ಲ. ವೋಲ್ಟೇಜ್ ಸಾಲದೆ, ಅದನ್ನು ಸರಿದೂಗಿಸಲು ಹೆಚ್ಚು ಕರೆಂಟ್ ಎಳೆದು, ತಿಂಗಳುಗಟ್ಟಲೆ ಒಳಗೊಳಗೇ ಬೆಂದದ್ದು. ಇಂಥವು ಬಂದಾಗಲೇ ನಾನು ಕೇಬಲ್ ವಿಚಾರಿಸುವುದು.

ನಮ್ಮ ಸೀಮೆಯಲ್ಲಿ ಕೇಬಲ್ ತೆಳುವಾಗಿಯೇ ಉಳಿದುಹೋಗಲು ಒಂದು ಕಾರಣವಿದೆ. ಬೋರು ಕೊರೆಸಿದಾಗ ನೀರು 300 ಅಡಿಯಲ್ಲಿ ಸಿಕ್ಕಿತ್ತು. ಆಗ ಹಾಕಿದ ಕೇಬಲ್ ಆ ದೂರಕ್ಕೆ ಸಾಕಾಗಿತ್ತು. ನೀರು ಕೆಳಗೆ ಹೋಯಿತು. 100 ಅಡಿ ಪೈಪು ಸೇರಿಸಿದಿರಿ, ಜೊತೆಗೆ ಮನೆಯಲ್ಲಿ ಬಿದ್ದಿದ್ದ ಕೇಬಲ್ ತುಂಡನ್ನು ಜಾಯಿಂಟ್ ಮಾಡಿ ಇಳಿಸಿದಿರಿ. ಮತ್ತೆ ನೀರು ಹೋಯಿತು, ಮತ್ತೆ ಪೈಪು, ಮತ್ತೆ ತುಂಡು. ಆಳದಿಂದ ಎತ್ತಬೇಕೆಂದು 5 ಎಚ್‌ಪಿ ತೆಗೆದು 7.5 ಹಾಕಿದಿರಿ. ಪಂಪು ಬದಲಾಯಿತು, ಪೈಪು ಬದಲಾಯಿತು, ಸ್ಟಾರ್ಟರ್ ಕೂಡ ಬದಲಾಯಿತು. ಕೇಬಲ್ ಮಾತ್ರ ಉದ್ದವಾಯಿತೇ ಹೊರತು ದಪ್ಪವಾಗಲಿಲ್ಲ.

ತಂತಿಯ ವಿಚಾರವನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ. ತಾಮ್ರ ಒಳ್ಳೆಯ ವಾಹಕವೇ, ಆದರೂ ಕರೆಂಟಿಗೆ ಅಷ್ಟಿಷ್ಟು ತಡೆ ಒಡ್ಡಿಯೇ ಒಡ್ಡುತ್ತದೆ. ತಂತಿ ಎರಡರಷ್ಟು ಉದ್ದವಾದರೆ ತಡೆ ಎರಡರಷ್ಟಾಗುತ್ತದೆ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಎರಡರಷ್ಟಾದರೆ ತಡೆ ಅರ್ಧಕ್ಕಿಳಿಯುತ್ತದೆ. ಇದು ನಿಮಗೆ ಹೊಸದೇನಲ್ಲ. ಒಂದಿಂಚಿನ ಪೈಪಿನಲ್ಲಿ ಅರ್ಧ ಮೈಲಿ ನೀರು ತಳ್ಳಿದರೆ ತುದಿಯಲ್ಲಿ ಒತ್ತಡ ಉಳಿಯುವುದಿಲ್ಲ ಎಂದು ತಿಳಿದೇ ನೀವು ಎರಡೂವರೆ ಇಂಚು ಹಾಕುತ್ತೀರಿ. ಪೈಪಿಗೆ ತೋರುವ ಈ ವಿವೇಕವನ್ನು ಕೇಬಲ್‌ಗೂ ತೋರಿ ಎನ್ನುವುದೇ ನನ್ನ ಬೇಡಿಕೆ.

ತಡೆ ಇದ್ದಲ್ಲಿ ಎರಡು ನಷ್ಟಗಳಾಗುತ್ತವೆ. ತಂತಿ ಬಿಸಿಯಾಗುತ್ತದೆ, ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಬಿಸಿಯ ಲೆಕ್ಕ ಬಲು ಕಠಿಣ, ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದನ್ನು ದಾಟದೆ ಎಷ್ಟು ಆಂಪಿಯರ್ ಸಾಗಬಹುದು ಎಂಬುದನ್ನೇ ಕಂಪನಿಗಳು ಕೇಬಲ್‌ನ ಸಾಮರ್ಥ್ಯವೆಂದು ಪಟ್ಟಿಯಲ್ಲಿ ಕೊಡುತ್ತವೆ. ಫ್ಲ್ಯಾಟ್ ಕೇಬಲ್‌ನಲ್ಲಿ 2.5 ಚದರ ಮಿಲಿಮೀಟರ್‌ಗೆ ಸುಮಾರು 18 ಆಂಪಿಯರ್, 4ಕ್ಕೆ ಸುಮಾರು 26, 10ಕ್ಕೆ ಸುಮಾರು 42. ತಾಮ್ರ ನಾಲ್ಕು ಪಟ್ಟಾದರೂ ಸಾಮರ್ಥ್ಯ ಎರಡೂಕಾಲು ಪಟ್ಟಿಗಿಂತ ಕೊಂಚ ಹೆಚ್ಚಾಯಿತಷ್ಟೆ, ಗಮನಿಸಿ. ಶಾಖ ಹೊರಹೋಗುವುದು ತಂತಿಯ ಮೈಮೇಲಿನಿಂದ. ತಿರುಳು ಬೆಳೆದಷ್ಟು ವೇಗವಾಗಿ ಮೈ ಬೆಳೆಯುವುದಿಲ್ಲ.

ಈಗ ಮುಖ್ಯ ವಿಷಯ. 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ಪೂರ್ಣ ಭಾರದಲ್ಲಿ ಸುಮಾರು 15 ಆಂಪಿಯರ್ ಎಳೆಯುತ್ತದೆ. ಪಟ್ಟಿ ನೋಡಿದರೆ 2.5ರ ಕೇಬಲ್‌ಗೆ 18 ಆಂಪಿಯರ್ ಸಾಮರ್ಥ್ಯ. ಸಾಕಲ್ಲ ಎಂದು ಅಂಗಡಿಯವನು ಹೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ಆ ಕೇಬಲ್ 15 ಆಂಪಿಯರ್‌ಗೆ ಕರಗುವುದಿಲ್ಲ. ಆದರೆ ಪಟ್ಟಿಯ ಆ ಅಂಕಣದಲ್ಲಿ ದೂರ ಎಂಬುದೇ ಇಲ್ಲ. ಹತ್ತು ಮೀಟರ್‌ಗೂ 18, ಮುನ್ನೂರು ಮೀಟರ್‌ಗೂ 18. ನಮ್ಮ ಬೋರುಗಳಲ್ಲಿ ಮೋಟಾರ್ ಕೂತಿರುವುದು 800, 900, 1000 ಅಡಿಯಲ್ಲಿ. ಸ್ಟಾರ್ಟರ್‌ವರೆಗಿನ ದೂರವೂ ಸೇರಿ 300 ಮೀಟರ್ ಎಂದಿಟ್ಟುಕೊಳ್ಳಿ. 15 ಆಂಪಿಯರ್ ಅಷ್ಟು ದೂರ ಸಾಗುವಾಗ 2.5ರ ಕೇಬಲ್‌ನಲ್ಲಿ ಸುಮಾರು 51 ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ. 4ರಲ್ಲಿ ಸುಮಾರು 32, 6ರಲ್ಲಿ 21, 10ರಲ್ಲಿ 13. 415 ವೋಲ್ಟಿನ ಮೋಟಾರ್‌ಗೆ ಶೇ. 3ರಷ್ಟು ಇಳಿತ ಎಂದರೆ ಸುಮಾರು 12 ವೋಲ್ಟ್. ಕೇಬಲ್ ಆರಿಸುವಾಗ ಅದರ ಆಸುಪಾಸಿನಲ್ಲಿರಬೇಕು ಎಂಬುದು ರೂಢಿ. ಸಾಮರ್ಥ್ಯದ ಪಟ್ಟಿ 2.5 ಸಾಕು ಎಂದ ಕಡೆ ದೂರದ ಲೆಕ್ಕ 10 ಬೇಕು ಎನ್ನುತ್ತಿದೆ!

ಇಳಿದ ವೋಲ್ಟೇಜ್ ಶಾಖವಾಗಿ ಪೋಲಾಗುತ್ತದೆ. 2.5ರ ಕೇಬಲ್‌ನಲ್ಲಿ ಆ ಪೋಲು ಸುಮಾರು 1300 ವಾಟ್. 7.5 ಎಚ್‌ಪಿ ಎಂದರೆ ಮೋಟಾರ್ ಕೊಡುವ ಕೆಲಸ ಸುಮಾರು 5600 ವಾಟ್. ಅದರ ಹೆಚ್ಚುಕಡಿಮೆ ಕಾಲುಭಾಗದಷ್ಟು ಬೋರಿನ ಗೋಡೆಗೆ ಬಿಸಿ ಮುಟ್ಟಿಸಲು ಹೋಯಿತು. 10ರ ಕೇಬಲ್‌ನಲ್ಲಿ ಪೋಲು 400 ವಾಟಿಗಿಂತ ಕಡಿಮೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಹಾಗಾಗಿ ಈ ಪೋಲು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಲ್ಲಿನಲ್ಲಿ ಬಾರದ್ದು ವೈಂಡಿಂಗ್ ಕೂಲಿಯಲ್ಲಿ ಬರುತ್ತದೆ.

ನಿಮ್ಮ ಪ್ಯಾನಲ್ ಬೋರ್ಡಿನಲ್ಲಿ ವೋಲ್ಟ್ ಮೀಟರ್ ಇದೆ. ಅದರ ಮುಳ್ಳು 380ರಲ್ಲಿ ನಿಂತರೆ ಇವತ್ತು ಕರೆಂಟ್ ಪರವಾಗಿಲ್ಲ ಎಂದು ಗುಂಡಿ ಒತ್ತುತ್ತೀರಿ. ಆ ಮೀಟರ್ ತೋರಿಸುವುದು ಮೇಲಿನ ಲೆಕ್ಕ. ಮೋಟಾರ್ ಇರುವುದು ಕೆಳಗೆ. ಮೇಲೆ 380 ಇದ್ದು ಕೇಬಲ್‌ನಲ್ಲಿ 50 ಹೋದರೆ ಮೋಟಾರ್ ಬಾಯಿಗೆ ಬೀಳುವುದು 330. ಇದನ್ನು ತೋರಿಸುವ ಮೀಟರ್ ಯಾರ ಹೊಲದಲ್ಲೂ ಇಲ್ಲ.

ಆಗ ಮೋಟಾರ್ ಏನು ಮಾಡುತ್ತದೆ? ಮೇಲೆ ತೂಗುತ್ತಿರುವ ನೀರಿನ ಕಂಬದ ಭಾರ ಹಾಗೇ ಇದೆ, ಅದನ್ನು ಎತ್ತಲೇಬೇಕು. ವೋಲ್ಟೇಜ್ ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಕರೆಂಟ್ ಜಾಸ್ತಿಯಾದರೆ ಕೇಬಲ್‌ನಲ್ಲಿ ಇಳಿತವೂ ಜಾಸ್ತಿ, ಮೋಟಾರ್‌ಗೆ ವೋಲ್ಟೇಜ್ ಇನ್ನೂ ಕಡಿಮೆ. ಸ್ಟಾರ್ಟ್ ಆಗುವ ಗಳಿಗೆ ಇನ್ನೂ ಕೆಟ್ಟದ್ದು. ನೇರ ಸ್ಟಾರ್ಟರ್‌ನಲ್ಲಿ ಆಗ ಎಳೆಯುವ ಕರೆಂಟ್ ಮಾಮೂಲಿನ ಐದಾರು ಪಟ್ಟು. ತೆಳು ಕೇಬಲ್‌ನಲ್ಲಿ ಅಷ್ಟು ಕರೆಂಟ್ ನುಗ್ಗಿದಾಗ ಕೆಳಗಿನ ವೋಲ್ಟೇಜ್ ಕುಸಿಯುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಎದ್ದು ಓಡಲಾರದೆ ಗುಂಯ್‌ಗುಟ್ಟುತ್ತದೆ. ಆ ಸದ್ದು ಸಾವಿರ ಅಡಿ ಮೇಲೆ ನಿಂತ ನಿಮಗೆ ಕೇಳಿಸುವುದಿಲ್ಲ. ಆಂಪ್ಸ್ ಮೀಟರ್ ಮುಳ್ಳು ಕೊನೆಗೆ ಹೊಡೆದು ಕೆಳಗಿಳಿಯದೆ ನಿಂತದ್ದು ಮಾತ್ರ ಕಾಣುತ್ತದೆ.

ಕಳೆದ ಬೇಸಿಗೆಯ ಒಂದು ಸಂಗತಿ ಹೇಳುತ್ತೇನೆ. ಹಿಪ್ಪುನೇರಳೆ ತೋಟದ ಯುವಕರೊಬ್ಬರು 7.5 ಎಚ್‌ಪಿ ಮೋಟಾರ್ ತಂದರು. ಅದು ಮುಂಚೆಯೂ ಸುಟ್ಟು ಬೇರೆ ಕಡೆ ವೈಂಡಿಂಗ್ ಆಗಿತ್ತು. ಮೂರೂ ಫೇಸು ಒಂದೇ ಸಮ ಬೆಂದಿದ್ದವು. ಸುತ್ತಿಕೊಟ್ಟು, ಇಳಿಸುವ ದಿನ ನಾನೇ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ಹೋದೆ. ಪ್ಯಾನಲ್‌ನಲ್ಲಿ 375 ವೋಲ್ಟ್. ನಮ್ಮ ಕಡೆ ಮಧ್ಯಾಹ್ನಕ್ಕೆ ಅದು ಒಳ್ಳೆಯ ವೋಲ್ಟೇಜೇ. ಮೋಟಾರಿನ ತಗಡಿನ ಮೇಲೆ ಬರೆದ ಪೂರ್ಣ ಭಾರದ ಕರೆಂಟ್ 15.5 ಆಂಪಿಯರ್, ಟೆಸ್ಟರ್ ತೋರಿಸಿದ್ದು 19. ವೈಂಡಿಂಗಿನಲ್ಲಿ ಹುಟ್ಟುವ ಶಾಖ ಆ ಲೆಕ್ಕಕ್ಕೆ ಒಂದೂವರೆ ಪಟ್ಟು. ಕೇಬಲ್ ವಿಚಾರಿಸಿದರೆ, ಮೇಲಿನ 600 ಅಡಿ 4 ಎಂಎಂ (ಅಂದರೆ 4 ಚದರ ಮಿಲಿಮೀಟರ್), ಆಮೇಲೆ ಸೇರಿಸಿದ ಕೆಳಗಿನ 300 ಅಡಿ 2.5. ಅಲ್ಲೇ ಬೀಡಿ ಕಟ್ಟಿನ ಕಾಗದದ ಮೇಲೆ ಗುಣಿಸಿ ತೋರಿಸಿದೆ: ದಾರಿಯಲ್ಲಿ ಸುಮಾರು 45 ವೋಲ್ಟ್ ಹೋಗುತ್ತಿದೆ, ಮೋಟಾರ್‌ಗೆ ಸಿಗುತ್ತಿರುವುದು 330. ಅವರ ತಂದೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. "ಕೇಬಲ್ ಸುಟ್ಟಿಲ್ವಲ್ಲಪ್ಪ, ಅದ್ಯಾಕೆ ಬದಲಾಯಿಸಬೇಕು?" ಎಂದರು. ಕೇಬಲ್ ಸುಡದೆ ಉಳಿದು ಮೋಟಾರನ್ನು ಸುಡುತ್ತಿದೆ ಎಂದು ಅವರಿಗೆ ಒಪ್ಪಿಸಲು ಹೊತ್ತು ಹಿಡಿಯಿತು. ಹಳೆ ಕೇಬಲ್ ಮಾರಿ, ಸಾಲಕ್ಕೆ ಕೇಬಲ್ ತಂದು, ಪೂರ್ತಿ 900 ಅಡಿಗೂ 10 ಎಂಎಂ ಇಳಿಸಿದರು. ಅದೇ ಮೋಟಾರ್, ಅದೇ ಲೈನು, ಅದೇ ಬೋರು. ಕರೆಂಟ್ 16.5ಕ್ಕೆ ಇಳಿಯಿತು. ತೊಟ್ಟಿಗೆ ಬೀಳುವ ನೀರಿನ ರಭಸ ಹೆಚ್ಚಿದ್ದನ್ನು ನನಗಿಂತ ಮೊದಲು ಗುರುತಿಸಿದವರು ಆ ಮನೆಯ ಹೆಣ್ಣುಮಕ್ಕಳು.

ದೂರದ ಈ ತೊಂದರೆ ನಮ್ಮ ಜಿಲ್ಲೆಗೆ ಹಳೆಯ ಪರಿಚಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದಾಗ ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಬಹು ಉದ್ದದ ಲೈನುಗಳಲ್ಲಿ ಅದೊಂದು. ನಮ್ಮ ಪಂಪಿನ ವೋಲ್ಟೇಜಿನಲ್ಲಿ ಅಷ್ಟು ದೂರ ಕಳಿಸಲು ಎಷ್ಟು ತಾಮ್ರ ಹಾಕಿದರೂ ಸಾಲುತ್ತಿರಲಿಲ್ಲ. ಅದಕ್ಕೇ ಎಂಜಿನಿಯರುಗಳು ವೋಲ್ಟೇಜನ್ನು ಸುಮಾರು 30 ಸಾವಿರಕ್ಕೆ ಏರಿಸಿದರು. ವೋಲ್ಟೇಜ್ ಹತ್ತು ಪಟ್ಟಾದರೆ ಅದೇ ಶಕ್ತಿಗೆ ಕರೆಂಟ್ ಹತ್ತರಲ್ಲೊಂದು ಸಾಕು, ಪೋಲು ನೂರರಲ್ಲೊಂದು. ನಮ್ಮ ಬೋರಿನಲ್ಲಿ ಆ ದಾರಿ ಇಲ್ಲ, 415ಕ್ಕೆ ಮಾಡಿದ ಮೋಟಾರ್‌ಗೆ 415ರ ಆಸುಪಾಸೇ ಕೊಡಬೇಕು. ನೀರು ಇರುವ ಆಳವೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಉಳಿದಿರುವುದು ಕೇಬಲ್‌ನ ದಪ್ಪ ಒಂದೇ.

ನೀವೇ ಮಾಡಬಹುದಾದ ಲೆಕ್ಕವೊಂದನ್ನು ಬರೆದುಕೊಡುತ್ತೇನೆ. ಮೋಟಾರ್ ಎಳೆಯುವ ಆಂಪಿಯರನ್ನು ಕೇಬಲ್‌ನ ಉದ್ದದಿಂದ ಗುಣಿಸಿ. ಉದ್ದ ಮೀಟರ್‌ನಲ್ಲಿರಲಿ, ಅಡಿಯನ್ನು 3.28ರಿಂದ ಭಾಗಿಸಿದರೆ ಮೀಟರ್ ಆಗುತ್ತದೆ. ಬಂದದ್ದನ್ನು ಒಂದು ಕಡೆ ಇಡಿ. ಕೇಬಲ್‌ನ ಎಂಎಂ ಅನ್ನು 35ರಿಂದ ಗುಣಿಸಿ. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ. ಮೂರು ಫೇಸಿನ ತಾಮ್ರದ ಕೇಬಲ್‌ನಲ್ಲಿ ಇಳಿಯುವ ವೋಲ್ಟ್ ಹೆಚ್ಚುಕಡಿಮೆ ಅಷ್ಟು. ಉದಾಹರಣೆಗೆ 10 ಎಚ್‌ಪಿ ಮೋಟಾರ್, 20 ಆಂಪಿಯರ್, 200 ಮೀಟರ್, 6 ಎಂಎಂ: 4000 ಭಾಗಿಸು 210, ಸುಮಾರು 19 ವೋಲ್ಟ್. 12, 13ರ ಒಳಗೆ ಬಂದರೆ ನಿಶ್ಚಿಂತೆ. 20 ದಾಟಿದರೆ ದಯವಿಟ್ಟು ಆ ಕೇಬಲ್ ಇಳಿಸಬೇಡಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದು ಎರಡು ಕೇಬಲ್ ಇಳಿಸುವವರಿಗೆ ಓಡುವಾಗ ಪ್ರತಿ ತಂತಿಯ ಪಾಲಿಗೆ ಸುಮಾರು ಶೇ. 58ರಷ್ಟೇ ಕರೆಂಟ್ ಬರುತ್ತದೆ, ಅವರ ಲೆಕ್ಕ ಬೇರೆ. ಅದನ್ನು ಮೆಕ್ಯಾನಿಕ್ಕಿನ ಜೊತೆ ಕೂತು ಮಾಡಿ.

ಕೊಳ್ಳುವಾಗಲೂ ಕಣ್ಣಿಡಬೇಕಾದ ಜಾಗಗಳಿವೆ. ಅಂಗಡಿಯಲ್ಲಿ ನಾಲ್ಕು ಎಂಎಂ ಎಂದು ಕೇಳುವುದು ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣವನ್ನು. ಮೇಲಿನ ಹೊದಿಕೆಯ ದಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲ. ಕೈಗೆ ದಪ್ಪಗೆ ಸಿಕ್ಕುವ ಕೇಬಲ್‌ನೊಳಗೆ ತಾಮ್ರ ಸಣ್ಣದಿರಬಹುದು. ಆದ್ದರಿಂದ ತುದಿ ಸುಲಿಸಿ ನೋಡಿ. 4 ಎಂಎಂ ಕೇಬಲ್‌ನ ಒಂದು ಕೋರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರ್ ದಪ್ಪದ 56 ಎಳೆಗಳಿರುತ್ತವೆ, 2.5ರಲ್ಲಿ 36, 6ರಲ್ಲಿ 84. ಎಣಿಸಲು ಐದು ನಿಮಿಷ. ಎಳೆಯೇ ಸಣ್ಣದಿದ್ದರೆ ಎಣಿಕೆ ಮೋಸ ಮಾಡೀತು, ಅದಕ್ಕೆ ತೂಕವಿದೆ. 4 ಎಂಎಂನ ಒಂದು ಕೋರನ್ನು ಒಂದು ಮೀಟರ್ ಸುಲಿದು ಬರೀ ತಾಮ್ರವನ್ನು ಅಕ್ಕಸಾಲಿಗನ ತಕ್ಕಡಿಗೆ ಹಾಕಿದರೆ 32ರಿಂದ 35 ಗ್ರಾಂ ತೂಗಬೇಕು. ಬಹಳ ಕಡಿಮೆ ಬಂದರೆ ಒಂದೋ ತಾಮ್ರ ಕದ್ದಿದ್ದಾರೆ, ಇಲ್ಲವೇ ಅದು ತಾಮ್ರವೇ ಅಲ್ಲ. ಅಲ್ಯೂಮಿನಿಯಂ ಎಳೆಗೆ ಮೇಲೆ ತಾಮ್ರದ ಲೇಪ ಹಚ್ಚಿದ ತಂತಿಯೂ ಬರುತ್ತದೆ. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗೆ ಬಿಳಿ ಕಾಣಿಸುತ್ತದೆ. ಅಲ್ಯೂಮಿನಿಯಂ ಕೇಬಲ್ ಎಂದು ಹೇಳಿಯೇ ಮಾರಿದರೆ ಅದು ಮೋಸವಲ್ಲ, ಆದರೆ ಅದರ ತಡೆ ತಾಮ್ರಕ್ಕಿಂತ ಸುಮಾರು 1.6 ಪಟ್ಟು. ಅಷ್ಟು ಪಟ್ಟು ದಪ್ಪದ್ದು ಹಾಕಿದರೆ ಮಾತ್ರ ಸಮ.

ಜಾಯಿಂಟಿನ ಬಗ್ಗೆ ಒಂದು ಮಾತು. ಹಲ್ಲಿನಿಂದಲೋ ಮೊಂಡು ಚಾಕುವಿನಿಂದಲೋ ಹೊದಿಕೆ ಸುಲಿಯುವಾಗ 56 ಎಳೆಗಳಲ್ಲಿ ಹತ್ತು ಹದಿನೈದು ತುಂಡಾಗಿ ಬೀಳುತ್ತವೆ. ಯಾರೂ ಲೆಕ್ಕಿಸುವುದಿಲ್ಲ. ಆ ಒಂದು ಜಾಗದಲ್ಲಿ ನಿಮ್ಮ 4 ಎಂಎಂ ಕೇಬಲ್ 3 ಎಂಎಂ ಆಯಿತು, ಬಿಸಿ ಅಲ್ಲಿಂದಲೇ ಶುರು. ಉಳಿದ ಕೇಬಲನ್ನು ಸುರುಳಿ ಸುತ್ತಿ ಪ್ಯಾನಲ್ ಹಿಂದೆ ತೂಗುಹಾಕುವ ಅಭ್ಯಾಸವೂ ಬೇಡ. ನೀರಿನೊಳಗಿನ ಕೇಬಲ್ ತಣ್ಣಗಿರುತ್ತದೆ, ಬಿಸಿಲಲ್ಲಿ ಸುರುಳಿಯಾಗಿರುವುದು ತನ್ನ ಬಿಸಿಯನ್ನು ತಾನೇ ಹಿಡಿದುಕೊಳ್ಳುತ್ತದೆ.

ಇಲ್ಲಿಯವರೆಗೆ ದಪ್ಪ ಹಾಕಿ ಎಂದೆ. ದಪ್ಪ ಹಾಕಲೇಬಾರದ ಜಾಗ ಒಂದಿದೆ, ಅದು ಫ್ಯೂಸು. ಫ್ಯೂಸ್ ಪದೇಪದೇ ಹೋಗುತ್ತದೆಂದು ಬಹಳ ಜನ ಕೇಬಲ್‌ನ ಎಳೆಗಳನ್ನೇ ಹೊಸೆದು ಕಿಟ್‌ಕ್ಯಾಟ್‌ಗೆ ಕಟ್ಟಿಬಿಡುತ್ತಾರೆ. ಓವರ್‌ಲೋಡ್ ರಿಲೇ ಟ್ರಿಪ್ಪಾದರೆ ಅದರ ತಿರುಪು ಮೇಲಕ್ಕೇರಿಸುತ್ತಾರೆ, ಇಲ್ಲವೇ "ಡೈರೆಕ್ಟ್" ಮಾಡುತ್ತಾರೆ. ಕೆಳಗೆ ಏನೋ ಸರಿಯಿಲ್ಲ ಎಂದು ರಿಲೇ ಹೇಳುತ್ತಿದೆ, ಅದರ ಬಾಯಿ ಕಟ್ಟಬೇಡಿ. ಅದನ್ನು ತಗಡಿನ ಮೇಲಿನ ಆಂಪಿಯರ್‌ಗೆ ಇಟ್ಟು, ಟ್ರಿಪ್ಪಾದರೆ ಕಾರಣ ಹುಡುಕಿ. ನನ್ನ ಬೆಂಚಿಗೆ ಬಂದ ಎಷ್ಟೋ ಮೋಟಾರ್‌ಗಳನ್ನು ಒಂದು ತಿರುಪು ಉಳಿಸುತ್ತಿತ್ತು.

ಕೇಬಲ್ ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಪ್ಯಾನಲ್‌ಗೇ 320 ವೋಲ್ಟ್ ಬರುತ್ತಿದ್ದರೆ ದಪ್ಪ ಕೇಬಲ್ ಅದನ್ನು 400 ಮಾಡುವುದಿಲ್ಲ. 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಪ್ರತಿ ಫೇಸಿಗೆ ಕೊಡಬಲ್ಲದ್ದು ಸುಮಾರು 84 ಆಂಪಿಯರ್. ಅದರ ಮೇಲೆ 15 ಆಂಪಿಯರ್‌ನ ಆರು ಮೋಟಾರ್ ಕೂತರೆ 90. ಎಂಟು, ಹತ್ತು ಕೂತ ಟಿಸಿಗಳೂ ನಮ್ಮಲ್ಲಿವೆ. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿದ್ದೀರಿ. ಕರೆಂಟ್ ಬಂದ ಕ್ಷಣ ಎಲ್ಲ ಮೋಟಾರ್‌ಗಳೂ ಒಟ್ಟಿಗೆ ಎದ್ದು, ಒಂದೂ ನೆಟ್ಟಗೆ ಓಡುವುದಿಲ್ಲ. ಒಂದೇ ಟಿಸಿಯವರು ಕೂತು ಮಾತಾಡಿ, ಒಬ್ಬರ ನಂತರ ಒಬ್ಬರ ಮೋಟಾರ್ ಏಳುವ ಹಾಗೆ ಸ್ಟಾರ್ಟರಿನ ಟೈಮರ್ ಹೊಂದಿಸಿಕೊಳ್ಳಿ. ಹೆಚ್ಚುವರಿ ಟಿಸಿ ಬೇಕಾದರೆ ಬೆಸ್ಕಾಂ ಕಚೇರಿಗೆ ಎಲ್ಲರೂ ಸೇರಿ ಲಿಖಿತ ಅರ್ಜಿ ಕೊಡಿ, ಬೆಳಗ್ಗೆ ಮಧ್ಯಾಹ್ನದ ವೋಲ್ಟೇಜ್ ಬರೆದಿಟ್ಟ ಹಾಳೆಯನ್ನು ಜೊತೆಗೆ ಲಗತ್ತಿಸಿ. ಬಾಯಿಮಾತಿನಲ್ಲಿ ಲೈನ್‌ಮನ್ನಿಗೆ ಹೇಳಿದ್ದು ಅರ್ಜಿಯಾಗುವುದಿಲ್ಲ. ಕೆಪಾಸಿಟರ್ ಹಾಕಿಸಿದ್ದೇವಲ್ಲ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯದೇ, ಹಾಕಿಸಿ. ಅದು ಟಿಸಿಯಿಂದ ನಿಮ್ಮ ಪ್ಯಾನಲ್‌ವರೆಗಿನ ಲೈನಿನ ಭಾರ ಇಳಿಸುತ್ತದೆ. ಪ್ಯಾನಲ್‌ನಿಂದ ಕೆಳಗೆ ಬೋರಿನೊಳಗಿನ ಕೇಬಲ್‌ನಲ್ಲಿ ಕರೆಂಟ್ ಮೊದಲಿನಷ್ಟೇ ಹರಿಯುತ್ತದೆ.

ದಪ್ಪ ಕೇಬಲ್ ದುಬಾರಿ, ನನಗೆ ಗೊತ್ತು. ತಾಮ್ರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬೋರು ಕೊರೆಸಲು ಒಡವೆ ಅಡವಿಟ್ಟವರಿಗೆ ಇನ್ನೊಂದಿಷ್ಟು ಹಾಕಿ ಎನ್ನಲು ನನಗೂ ಸಂಕೋಚವಿದೆ. ಆದರೂ ಒಮ್ಮೆ ಕೂಡಿಸಿ ನೋಡಿ: ಪೈಪು ಮೋಟಾರ್ ಎತ್ತುವ ತಂಡದ ಕೂಲಿ, ವೈಂಡಿಂಗ್, ಮತ್ತೆ ಇಳಿಸುವ ಕೂಲಿ, ಅಷ್ಟು ದಿನ ನೀರಿಲ್ಲದೆ ನಿಂತ ಬೆಳೆ. ಇದು ಒಂದೆರಡು ಸಲ ಆಗುವಷ್ಟರಲ್ಲಿ ಒಂದು ಸೈಜು ದಪ್ಪದ ಕೇಬಲ್‌ಗೆ ಕೊಡಬೇಕಾಗಿದ್ದ ಹೆಚ್ಚುವರಿ ದುಡ್ಡು ನಿಮ್ಮ ಕೈಯಿಂದ ಹೋಗಿರುತ್ತದೆ. ಕೇಬಲ್ ಚೆನ್ನಾಗಿ ನೋಡಿಕೊಂಡರೆ ಬೋರು ಬತ್ತಿದ ಮೇಲೂ ನಿಮ್ಮದೇ ಆಗಿ ಉಳಿಯುತ್ತದೆ, ಇನ್ನೊಂದು ಬೋರಿಗೆ ಇಳಿಯುತ್ತದೆ, ಕೊನೆಗೆ ಗುಜರಿಯಲ್ಲೂ ತಾಮ್ರಕ್ಕೆ ಬೆಲೆ ಇದೆ. ಪೂರ್ತಿ ಬದಲಾಯಿಸಲು ಆಗದವರು ಕನಿಷ್ಠ ನಡುವೆ ಸೇರಿಸಿರುವ ತೆಳ್ಳನೆ ತುಂಡುಗಳನ್ನಾದರೂ ತೆಗೆಸಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ ಇರುವಂತೆ ಮಾಡಿ.

ಮುಂದಿನ ಸಲ ಯಾವ ಕಾರಣಕ್ಕಾದರೂ ಮೋಟಾರ್ ಮೇಲೆ ಬಂದಾಗ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಮೋಟಾರ್ ತಗಡಿನ ಮೇಲಿನ ಎಚ್‌ಪಿ ಮತ್ತು ಆಂಪಿಯರ್, ಪಂಪು ಇಳಿಸಿರುವ ಆಳ, ಮೋಟಾರ್ ಓಡುವಾಗ ಪ್ಯಾನಲ್‌ನಲ್ಲಿ ಕಾಣುವ ವೋಲ್ಟೇಜ್, ಕೇಬಲ್‌ನ ಮೇಲೆ ಅಚ್ಚಾಗಿರುವ ಅಳತೆ. ಆ ಚೀಟಿಯನ್ನು ಸ್ಟಾರ್ಟರ್ ಡಬ್ಬಿಯ ಒಳಬದಿಗೆ ಅಂಟಿಸಿಡಿ. ಕೇಬಲ್ ಕೊಳ್ಳಲು ಹೋಗುವ ಮೊದಲು ನಿಮ್ಮ ಊರಿನ ವೈಂಡಿಂಗ್ ಅಂಗಡಿಯವರಿಗೆ ತೋರಿಸಿ, ಲೆಕ್ಕ ಹಾಕಿ ಕೊಡಿ ಎಂದು ಕೇಳಿ. ನನ್ನಲ್ಲಿಗೆ ಬಂದರೆ ನಾನು ಹಾಕಿಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ನನ್ನ ಜೊತೆಯ ವೈಂಡಿಂಗ್ ಕೆಲಸಗಾರರಲ್ಲೂ, ಪಂಪು ಇಳಿಸುವ ತಂಡದವರಲ್ಲೂ ಇದೇ ಬಿನ್ನಹ: ಕೇಬಲ್ ಅಳತೆ ಕೇಳದೆ ಮೋಟಾರ್ ಇಳಿಸಬೇಡಿ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಮೋಟಾರ್ ವೈಂಡಿಂಗ್ ಕೆಲಸಗಾರ,
ಕೋಲಾರ ಜಿಲ್ಲೆ